ಕಂಪ್ಯೂಟರ್ ನಿಲ್ಲಿಸು ಅನ್ನುತ್ತಿದೆ, ಮನಸ್ಸು ಬೇಡ ಅನ್ನುತ್ತಿದೆ: ಒಂದು ಕಜ್ಜಾಯದ ಪ್ರಶ್ನೆ

ಓದುಗರ ಪ್ರಶ್ನೆ: ಹಾಸನದಲ್ಲಿ 31 ವರ್ಷದಿಂದ ಕಾಂಡಿಮೆಂಟ್ಸ್ ಅಂಗಡಿ ನಡೆಸುತ್ತಿದ್ದೇನೆ. ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಹೋಳಿಗೆ, ಪುಡಿಗಳು ಎಲ್ಲ ಸೇರಿ 80ಕ್ಕೂ ಜಾಸ್ತಿ ಐಟಂ ಇವೆ. ಎಂಬಿಎ ಮುಗಿಸಿದ ಮಗಳು 2024ರ ಜನವರಿಯಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದಳು. ಎರಡು ವರ್ಷದ ಲೆಕ್ಕ ತೋರಿಸಿ, ಕಡಿಮೆ ಹೋಗುವ 20 ಐಟಂ ನಿಲ್ಲಿಸೋಣ ಅನ್ನುತ್ತಿದ್ದಾಳೆ. ಅದರಲ್ಲಿ ಕಜ್ಜಾಯವೂ ಇದೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಯಾಕೆ ಅಂತ ಹೇಳಲೂ ಬರುತ್ತಿಲ್ಲ. ಇನ್ನೊಂದು, ಊರಾಚೆಯ ಹೊಸ ಬಡಾವಣೆಯಲ್ಲಿ ಎರಡನೇ ಅಂಗಡಿ ತೆರೆದರೆ ಚೆನ್ನಾಗಿ ನಡೆಯುತ್ತದೆ ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ. ಅದಕ್ಕೂ ಅವಳು ತಡೆಯುತ್ತಿದ್ದಾಳೆ. ಅನುಭವವನ್ನು ನಂಬಲೋ, ಕಂಪ್ಯೂಟರನ್ನು ನಂಬಲೋ?

ಉತ್ತರ:

ನಮಸ್ಕಾರ. ನೀವು ಒಂದು ಪ್ರಶ್ನೆ ಕೇಳಿದ್ದೇನೆ ಅಂದುಕೊಂಡಿದ್ದೀರಿ. ಆದರೆ ಅಲ್ಲಿ ಎರಡಿವೆ, ಎರಡಕ್ಕೂ ನನ್ನ ಉತ್ತರ ಬೇರೆ ಬೇರೆ. ಕಜ್ಜಾಯದ ವಿಷಯದಲ್ಲಿ ನಿಮ್ಮ ಮನಸ್ಸಿನ ಮಾತನ್ನು ತಳ್ಳಿಹಾಕಬೇಡಿ ಅನ್ನುತ್ತೇನೆ. ಎರಡನೇ ಅಂಗಡಿಯ ವಿಷಯದಲ್ಲಿ ಮಗಳ ಮಾತು ಕೇಳಿ ಅನ್ನುತ್ತೇನೆ. ತಲೆ ಅದೇ, 31 ವರ್ಷದ ಅನುಭವವೂ ಅದೇ. ಆದರೂ ಒಂದು ಕಡೆ ನಂಬಬಹುದು, ಇನ್ನೊಂದು ಕಡೆ ನಂಬುವ ಹಾಗಿಲ್ಲ. ಅದು ಹೇಗೆ ಅಂತ ಹೇಳಿದರೆ ಉಳಿದದ್ದೆಲ್ಲ ತಾನಾಗೇ ಬಿಡಿಸಿಕೊಳ್ಳುತ್ತದೆ.

ನಿಮ್ಮ ಅಡುಗೆಮನೆಯಿಂದಲೇ ಶುರು ಮಾಡೋಣ. ಕಜ್ಜಾಯಕ್ಕೆ ಪಾಕ ತೆಗೆಯುವಾಗ ನೋಡಿ. ಕುದಿಯುವ ಬೆಲ್ಲದಿಂದ ಒಂದು ಹನಿ ತೆಗೆದು ತಟ್ಟೆಯ ನೀರಿಗೆ ಬಿಡುತ್ತಾರೆ. ಬೆರಳಲ್ಲಿ ಒತ್ತಿ ನೋಡುತ್ತಾರೆ. ಮೆತ್ತಗೆ ಉಂಡೆ ಕಟ್ಟಿದರೆ ಇಳಿಸುತ್ತಾರೆ, ನೀರಲ್ಲಿ ಕರಗಿದರೆ ಇನ್ನೊಂದು ನಿಮಿಷ ಕಾಯುತ್ತಾರೆ. ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ಆ ಹನಿಯೂ ಬೇಡ. ನೊರೆ ನೋಡಿ ಹೇಳುತ್ತಾರೆ. ಸೌಟು ತಿರುಗಿಸುವಾಗ ಕೈಗೆ ಸಿಗುವ ಭಾರದಲ್ಲೇ ಹೇಳುತ್ತಾರೆ. ಅವರಿಗೆ ಈ ವಿದ್ಯೆ ಬಂದದ್ದು ಎಲ್ಲಿಂದ? ತಪ್ಪಿದಾಗಲೆಲ್ಲ ಬಾಣಲೆ ಹೇಳಿದೆ. ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಗೆ ಬಿದ್ದ ಕೂಡಲೇ ಬಿಟ್ಟುಕೊಳ್ಳುತ್ತದೆ. ಬಲಿತರೆ ಕಲ್ಲಿನ ಹಾಗೆ ಆಗುತ್ತದೆ. ಇವತ್ತು ತೆಗೆದ ಪಾಕದ ಫಲ ನಾಳೆಯೋ ನಾಡಿದ್ದೋ ಕಣ್ಣೆದುರಿಗೇ ಬರುತ್ತದೆ. ಹೀಗೆ ಸಾವಿರ ಸಲ ಆಗಿದೆ. ಅದಕ್ಕೇ ಆ ಕೈಯನ್ನು ಕಣ್ಣು ಮುಚ್ಚಿ ನಂಬಬಹುದು.

ನನ್ನದೇ ಇನ್ನೊಂದು ಅನುಭವ ಹೇಳುತ್ತೇನೆ. ಸಣ್ಣ ವ್ಯಾಪಾರಗಳಿಗೆ ಲೆಕ್ಕ, ಸ್ಟಾಕಿನ ಸಲಹೆ ಕೊಡುವ ಕೆಲಸಕ್ಕೆ ಬರುವ ಮೊದಲು ನಾನು ಮಂಡ್ಯದ ಬೆಲ್ಲದ ಮಂಡಿಯಲ್ಲಿ ಏಳು ವರ್ಷ ಇದ್ದೆ. ಅಚ್ಚು ಬೆಲ್ಲ ಮುರಿದು, ಒಳಗಿನ ಹರಳು ನೋಡಿ, ಚೂರು ನಾಲಿಗೆಗೆ ಹಾಕಿಕೊಂಡರೆ ಸಾಕು, ಅದು ಮಳೆಗಾಲ ತಡೆಯುತ್ತದೋ ಇಲ್ಲವೋ ಹೇಳುತ್ತಿದ್ದೆ. ತಪ್ಪುತ್ತಿದ್ದದ್ದು ಅಪರೂಪ. ಅದೇ ಧೈರ್ಯದಲ್ಲಿ ಮುಂದಿನ ತಿಂಗಳು ರೇಟು ಎಷ್ಟಾಗುತ್ತದೆ ಅಂತಲೂ ಹೇಳಲು ಶುರು ಮಾಡಿದೆ. ಎರಡು ವರ್ಷ ಸರಿಹೋಯಿತು. ಮೂರನೇ ವರ್ಷ ಸಾಲ ಮಾಡಿ ಬಕೆಟ್ ಬೆಲ್ಲ ತುಂಬಿಸಿಟ್ಟೆ. ರೇಟು ಬಿತ್ತು, ಗೋಡೌನಿನಲ್ಲಿ ಬೆಲ್ಲ ನೀರು ಬಿಟ್ಟಿತು. ಆ ಸಾಲ ತೀರಿಸಲು ನಾಲ್ಕು ವರ್ಷ ಬೇಕಾಯಿತು. ಹಿಂದೆ ತಿರುಗಿ ನೋಡಿದಾಗ ಗೊತ್ತಾಯಿತು, ಮೊದಲ ಎರಡು ವರ್ಷ ರೇಟು ಸುಮ್ನೆ ಏರುತ್ತಲೇ ಇತ್ತು. ಏರುತ್ತದೆ ಅಂತ ಯಾರು ಹೇಳಿದ್ದರೂ ಸರಿಯೇ ಆಗುತ್ತಿತ್ತು. ಬೆಲ್ಲದ ಗುಣ ನನಗೆ ಪಾಠ ಕಲಿಸಿತ್ತು. ಬೆಲ್ಲದ ರೇಟು ಏನನ್ನೂ ಕಲಿಸಿರಲಿಲ್ಲ. ಆದರೆ ಎರಡೂ ಮನಸ್ಸಿನಲ್ಲಿ ಒಂದೇ ಥರ ಗಟ್ಟಿಯಾಗಿ ಕೂತಿದ್ದವು.

ಗಮನಿಸಬೇಕಾದದ್ದು ಇದನ್ನೇ. ಮನಸ್ಸಿಗೆ ಎಷ್ಟು ಬಲವಾಗಿ ಅನ್ನಿಸುತ್ತದೆ ಅನ್ನುವುದು ಅದು ಎಷ್ಟು ಸರಿ ಅನ್ನುವುದರ ಅಳತೆ ಅಲ್ಲ.

ಈ ವಿಷಯದಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ ಕೆಲಸ ನನಗೆ ಬಹಳ ಸಹಾಯ ಮಾಡಿದೆ. ಒಬ್ಬರು ಗ್ಯಾರಿ ಕ್ಲೈನ್. ಬೆಂಕಿ ಆರಿಸುವ ದಳದ ಕಮಾಂಡರ್‌ಗಳು ಒಂದು ಕ್ಷಣದಲ್ಲಿ ಹೇಗೆ ಸರಿಯಾದ ತೀರ್ಮಾನ ತೆಗೆದುಕೊಳ್ಳುತ್ತಾರೆ ಅಂತ ಅಧ್ಯಯನ ಮಾಡಿದವರು, ಅನುಭವಿಗಳ ಅಂದಾಜಿನ ಮೇಲೆ ಗೌರವ ಇರುವವರು. ಇನ್ನೊಬ್ಬರು ಡೇನಿಯಲ್ ಕಾನೆಮನ್. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ತಜ್ಞರ ಅಂದಾಜು ಎಷ್ಟು ಸಲ ದಾರಿ ತಪ್ಪಿಸುತ್ತದೆ ಅಂತ ಜೀವನವಿಡೀ ತೋರಿಸಿದವರು. ಇಬ್ಬರದ್ದೂ ಎದುರು ಬದುರು ವಾದ. ಆದರೂ ಕೂತು ಮಾತಾಡಿ, ಕೊನೆಗೆ 2009ರಲ್ಲಿ ಸೇರಿ ಒಂದು ಪ್ರಬಂಧ ಬರೆದರು. ಅವರು ಒಪ್ಪಿಕೊಂಡದ್ದು ಇಷ್ಟು: ಅಂದಾಜನ್ನು ನಂಬಬೇಕಾದರೆ ಎರಡು ಸಂಗತಿ ಇರಬೇಕು. ಒಂದು, ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಇದಾದರೆ ಅದು ಅನ್ನುವ ಹಾಗೆ. ಎರಡು, ತಪ್ಪಾಯಿತೋ ಸರಿಯಾಯಿತೋ ಅಂತ ಬೇಗ, ಸ್ಪಷ್ಟವಾಗಿ, ಮತ್ತೆ ಮತ್ತೆ ತಿಳಿಯಬೇಕು. ಪಾಕದಲ್ಲಿ ಎರಡೂ ಇವೆ. ಬೆಲ್ಲದ ರೇಟಿನಲ್ಲಿ ಎರಡೂ ಇಲ್ಲ.

ಈಗ ನಿಮ್ಮ ಕೌಂಟರಿಗೆ ಬರೋಣ. ಯಾವ ಗಿರಾಕಿ ಏನು ಕೇಳುತ್ತಾರೆ, ಯಾವ ದಿನ ಏನು ಓಡುತ್ತದೆ ಅನ್ನುವುದನ್ನು ನೀವು 31 ವರ್ಷ ದಿನಾ ನೋಡಿದ್ದೀರಿ. ರಾತ್ರಿ ಬಾಗಿಲು ಹಾಕುವಾಗ ಉಳಿದ ಡಬ್ಬ ನೋಡಿದರೆ ಬೆಳಗಿನ ಅಂದಾಜು ಸರಿಯಿತ್ತೋ ಇಲ್ಲವೋ ಗೊತ್ತಾಗುತ್ತದೆ. ಹಾಗಾಗಿ ಕಜ್ಜಾಯ ಬಿಡಬೇಡ ಅಂತ ಮನಸ್ಸು ಹೇಳಿದರೆ, ಅದರ ಹಿಂದೆ ಏನೋ ಇರುವ ಸಾಧ್ಯತೆ ಇದೆ. ಬಾಯಿಗೆ ಬರುತ್ತಿಲ್ಲ, ಅಷ್ಟೇ.

ಅದೇನಿರಬಹುದು ಅಂತ ನನಗೊಂದು ಊಹೆ ಇದೆ. ಪಂಚಾಂಗ ತೆಗೆಯಿರಿ. ಮಗಳ ಲೆಕ್ಕದಲ್ಲಿರುವುದು 2024 ಮತ್ತು 2025. ಈ ಎರಡೂ ವರ್ಷ ಅಧಿಕ ಮಾಸ ಬರಲಿಲ್ಲ. ಹಿಂದಿನದು ಬಂದದ್ದು 2023ರಲ್ಲಿ, ಅಧಿಕ ಶ್ರಾವಣ, ಜುಲೈ 18ರಿಂದ ಆಗಸ್ಟ್ 16ರವರೆಗೆ. ಅಧಿಕ ಮಾಸದಲ್ಲಿ 33 ಅಪೂಪ ದಾನ ಕೊಡುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಬಹಳ ಮನೆಗಳಲ್ಲಿ ಅಪೂಪ ಅಂದರೆ ಕಜ್ಜಾಯವೇ. ಮನೆಯಲ್ಲಿ ಅಕ್ಕಿ ನೆನೆಸಿ, ಆರಿಸಿ, ಕುಟ್ಟಿ ಮಾಡುವವರು ಈಗ ಕಡಿಮೆ. ಅವರೆಲ್ಲ ಎಲ್ಲಿಗೆ ಬರುತ್ತಾರೆ ಹೇಳಿ? ಬಂದವರು ಒಂದೆರಡು ತಗೊಂಡು ಹೋಗುವುದಿಲ್ಲ, 33ರ ಲೆಕ್ಕದಲ್ಲಿ ತಗೊಂಡು ಹೋಗುತ್ತಾರೆ. 2023ರ ಆ ತಿಂಗಳು ನಿಮ್ಮ ಅಂಗಡಿಯಲ್ಲಿ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಹಳೆಯ ಆರ್ಡರ್ ಪುಸ್ತಕ ಇದ್ದರೆ ತೆಗೆದು ನೋಡಿ. ನಿಮ್ಮ ಮನಸ್ಸಿನಲ್ಲಿ ಇರುವುದು ಅದೇ ತಿಂಗಳು ಇರಬಹುದು.

ಅಧಿಕ ಮಾಸ ಬರುವುದು ಸುಮಾರು 32-33 ತಿಂಗಳಿಗೊಮ್ಮೆ. 24 ತಿಂಗಳ ಡೇಟಾದೊಳಗೆ ಅದು ಬಂದರೂ ಬರಬಹುದು, ಪೂರ್ತಿ ತಪ್ಪಿಸಿಕೊಂಡರೂ ತಪ್ಪಿಸಿಕೊಳ್ಳಬಹುದು. ನಿಮ್ಮ ಮಗಳ ಲೆಕ್ಕದಲ್ಲಿ ತಪ್ಪಿಲ್ಲ. ಅವಳ ಎರಡು ವರ್ಷದೊಳಗೆ ಆ ತಿಂಗಳೇ ಇಲ್ಲ. 2026ರಲ್ಲಿ ಅದು ಮತ್ತೆ ಬರುತ್ತಿದೆ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಅದಕ್ಕೆ ಮುಂಚೆ ಕಜ್ಜಾಯ ನಿಲ್ಲಿಸಿದರೆ ನೋಡಬೇಕಾದದ್ದನ್ನು ನೋಡದೇ ನಿಲ್ಲಿಸಿದ ಹಾಗೆ.

ಪಂಚಾಂಗದ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ಇದು ನಾನು ಹೋದ ಅಂಗಡಿಗಳಲ್ಲೆಲ್ಲ ನೋಡುವ ತೊಂದರೆ. ಸಾಫ್ಟ್‌ವೇರ್ ಹೋಲಿಸುವುದು ಕಳೆದ ವರ್ಷದ ಆಗಸ್ಟನ್ನು ಈ ವರ್ಷದ ಆಗಸ್ಟಿನ ಜೊತೆ. ಗಣೇಶ ಚೌತಿ 2025ರಲ್ಲಿ ಆಗಸ್ಟ್ 27ಕ್ಕೆ ಬಂತು. 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಹಾಗಾಗಿ 2026ರ ಆಗಸ್ಟಿನಲ್ಲಿ ಪರದೆಯ ಮೇಲೆ ಕೆಂಪು ಬಾಣ ಕೆಳಗಿಳಿಯುತ್ತದೆ. ವ್ಯಾಪಾರ ಬಿದ್ದಿರುವುದಿಲ್ಲ, ಹಬ್ಬ ಮುಂದೆ ಹೋಗಿರುತ್ತದೆ. ನಿಮ್ಮೂರಿನ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳೂ ಹಾಗೇ ಹಿಂದೆ ಮುಂದೆ ಆಗುತ್ತವೆ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುತ್ತದೆ. ಮಗಳಿಗೆ ಹೇಳಿ, ಎಕ್ಸೆಲ್‌ನಲ್ಲಿ ತಾರೀಖಿನ ಪಕ್ಕ ಇನ್ನೊಂದು ಕಾಲಂ ಹಾಕಲಿ. ‘ಚೌತಿಗೆ 5 ದಿನ ಮುಂಚೆ’, ‘ದೀಪಾವಳಿ ಮಾರನೇ ದಿನ’ ಅಂತ. ತಾರೀಖಿಗಿಂತ ಆ ಕಾಲಂ ಜಾಸ್ತಿ ಮಾತಾಡುತ್ತದೆ. ಅದನ್ನು ಅವಳು ತುಂಬಬೇಕಾದರೆ ನೀವು ಪಕ್ಕದಲ್ಲಿ ಕೂರಬೇಕು.

ಲೆಕ್ಕ ಹಳತಾಗುವುದೂ ಉಂಟು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. 2022ರ ಲೆಕ್ಕ ನೋಡಿಕೊಂಡು 2023ರ ಹಾಸನಾಂಬ ಜಾತ್ರೆಗೆ ತಿಂಡಿ ಮಾಡಿದ್ದರೆ ಏನಾಗುತ್ತಿತ್ತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ಡೇಟಾ ಹುಟ್ಟುವ ಜಾಗಕ್ಕೆ ಹೋಗೋಣ. ಕೆಲವು ವರ್ಷದ ಹಿಂದೆ ಇನ್ನೊಂದು ಊರಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಲ್ಲೂ ನಿಮ್ಮದೇ ಕಥೆ. ನಿಪ್ಪಟ್ಟು ಹೋಗುತ್ತಿಲ್ಲ ಅಂತ ಕಂಪ್ಯೂಟರ್ ಹೇಳುತ್ತಿತ್ತು. ಮಾಲೀಕರು ಮಾತ್ರ ‘ಸಾರ್, ಡಬ್ಬ ದಿನಾ ಖಾಲಿ ಆಗ್ತಿದೆ’ ಅನ್ನುತ್ತಿದ್ದರು. ನಾನು ಸಂಜೆ ಆರರಿಂದ ಒಂಬತ್ತರವರೆಗೆ ಬಿಲ್ ಹಾಕುವ ಹುಡುಗನ ಹಿಂದೆ ಸ್ಟೂಲ್ ಹಾಕಿಕೊಂಡು ಕೂತೆ. ಪರದೆಯ ಮೇಲೆ ಚೌಕ ಚೌಕ ಬಟನ್‌ಗಳು. ಮೊದಲನೆಯದೇ ಖಾರ ಮಿಕ್ಸ್‌ಚರ್. ಕೆಜಿಗೆ 320. ನಿಪ್ಪಟ್ಟಿಗೂ 320, ಖಾರ ಬೂಂದಿಗೂ 320. ನಿಪ್ಪಟ್ಟಿನ ಬಟನ್ ಹುಡುಕಬೇಕಾದರೆ ಪರದೆಯನ್ನು ಎರಡು ಸಲ ಮೇಲೆ ತಳ್ಳಬೇಕು. ಎದುರಿಗೆ ಹತ್ತು ಜನ ನಿಂತಿದ್ದಾರೆ. ಒಬ್ಬರು ದುಡ್ಡು ಚಾಚಿದ್ದಾರೆ, ಇನ್ನೊಬ್ಬರು ಸ್ಕ್ಯಾನ್ ಮಾಡಿ ಫೋನ್ ತೋರಿಸುತ್ತಿದ್ದಾರೆ. ಹುಡುಗ ಎಲ್ಲದಕ್ಕೂ ಮಿಕ್ಸ್‌ಚರ್ ಒತ್ತುತ್ತಿದ್ದ. ಅವನ ತಪ್ಪೇನಿಲ್ಲ, ದುಡ್ಡಿನ ಲೆಕ್ಕ ಪೈಸೆ ಬಿಡದೆ ಸರಿಯಾಗಿತ್ತು. ಆದರೆ ಆ ಪಟ್ಟಿ ನೋಡಿ ನಿಪ್ಪಟ್ಟು ನಿಲ್ಲಿಸಿದ್ದರೆ ಚೆನ್ನಾಗಿ ಓಡುವ ಐಟಂ ಒಂದನ್ನು ಕೈಯಾರೆ ಕಳಕೊಳ್ಳುತ್ತಿದ್ದರು. ಬಟನ್ ಮುಂದಕ್ಕೆ ತಂದೆವು. ಎರಡು ವಾರದಲ್ಲಿ ನಿಪ್ಪಟ್ಟು ಮೇಲಿನ ಹತ್ತರೊಳಗೆ ಬಂತು.

ನಿಮ್ಮ ಮಗಳನ್ನೂ ಮೂರು ಸಂಜೆ ಹಾಗೇ ಕೂರಿಸಿ. ಆ 20 ಐಟಂನ ಪಟ್ಟಿ ಕೈಯಲ್ಲಿರಲಿ.

ಇನ್ನೊಂದು ಸಂಗತಿ ಬಿಲ್ಲಿನಲ್ಲಿ ಯಾವತ್ತೂ ಬರುವುದಿಲ್ಲ. ಕೇಳಿ, ಇಲ್ಲ ಅನ್ನಿಸಿಕೊಂಡು, ವಾಪಸ್ ಹೋದವರು. ಕಜ್ಜಾಯ ದಿನಕ್ಕೆ 30 ಮಾತ್ರ ಮಾಡಿ, ಮಧ್ಯಾಹ್ನವೇ ಮುಗಿದರೆ, ಕಂಪ್ಯೂಟರ್ ‘ದಿನಕ್ಕೆ 30 ಹೋಗುತ್ತದೆ’ ಅನ್ನುತ್ತದೆ. 50 ಜನ ಕೇಳಿದ್ದರೂ ಅದಕ್ಕೆ ಗೊತ್ತಿಲ್ಲ. ಅದು ತೋರಿಸುವುದು ಮಾರಾಟ, ಬೇಡಿಕೆ ಅಲ್ಲ. ಗಲ್ಲಾಪೆಟ್ಟಿಗೆ ಪಕ್ಕ ಒಂದು ರಟ್ಟು ಇಡಿ. ಇಲ್ಲದ್ದನ್ನು ಯಾರಾದರೂ ಕೇಳಿದರೆ ಒಂದು ಗೀಟು ಎಳೆಯಲಿ. ಎಷ್ಟು ಹೊತ್ತಿಗೆ ಯಾವುದು ಖಾಲಿ ಆಯಿತು ಅಂತಲೂ ಬರೆಯಲಿ. ಇಷ್ಟಕ್ಕೆ ಸಾಫ್ಟ್‌ವೇರ್ ಬೇಕಿಲ್ಲ.

ಅಂಕಿ ನಿಜವಾಗಿದ್ದೂ ಅದರ ಅರ್ಥ ಬೇರೆ ಇರಬಹುದು ಅನ್ನುವುದಕ್ಕೆ 2025ರ ಜುಲೈ ನೆನಪಿರಬೇಕು. ಯುಪಿಐಗೆ ಬಂದ ಮೊತ್ತ ನೋಡಿ ರಾಜ್ಯದ ಎಷ್ಟೋ ಸಣ್ಣ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ಮೊತ್ತ ಸುಳ್ಳಲ್ಲ. ಆದರೆ ಅದರಲ್ಲಿ ತೆರಿಗೆಯೇ ಇಲ್ಲದ ಹಾಲು, ತರಕಾರಿ ಎಷ್ಟು, ನೆಂಟರು ವಾಪಸ್ ಕೊಟ್ಟ ಕೈಸಾಲ ಎಷ್ಟು ಅಂತ ಆ ಅಂಕಿ ತಾನಾಗಿ ಹೇಳುವುದಿಲ್ಲ.

ಇನ್ನು ನಿಮ್ಮ ಮಗಳ ಪಟ್ಟಿಗೆ ಒಂದು ಪ್ರಶ್ನೆ. ಅವಳು ಕಜ್ಜಾಯದ ಮಾರಾಟ ನೋಡಿದ್ದಾಳೆ. ಕಜ್ಜಾಯ ಇರುವ ಬಿಲ್ ನೋಡಿದ್ದಾಳಾ? ಕಜ್ಜಾಯಕ್ಕೆ ಅಂತ ಬಂದವರು ಸೀಮಂತಕ್ಕೋ, ದೀಪಾವಳಿಗೋ, ಮಗಳ ಮನೆಗೋ ಅಂತ ಬಂದಿರುತ್ತಾರೆ. ಅವರು ಕಜ್ಜಾಯದ ಜೊತೆ ಚಕ್ಕುಲಿ, ರವೆಉಂಡೆ, ಚಟ್ನಿಪುಡಿ ಎಲ್ಲ ಕಟ್ಟಿಸುತ್ತಾರೆ. ಕಜ್ಜಾಯ ಇರುವ ಬಿಲ್ಲುಗಳ ಸರಾಸರಿ ಎಷ್ಟು, ಇಲ್ಲದ ಬಿಲ್ಲುಗಳ ಸರಾಸರಿ ಎಷ್ಟು? ಅರ್ಧ ಗಂಟೆಯ ಕೆಲಸ. ಕಜ್ಜಾಯ ಇರುವ ಬಿಲ್ ಎರಡರಷ್ಟು ದೊಡ್ಡದಿದ್ದರೆ, ಅದು ಪಟ್ಟಿಯ ಕೊನೆಯಲ್ಲಿದ್ದರೂ ಗಿರಾಕಿಯನ್ನು ಒಳಗೆ ಕರೆತರುವ ಐಟಂ. ವ್ಯತ್ಯಾಸ ಇಲ್ಲದಿದ್ದರೆ ನಿಮ್ಮ ಮನಸ್ಸಿನದ್ದು ಬರೀ ಹಳೆಯ ಪ್ರೀತಿ ಇರಬಹುದು. ಪ್ರೀತಿ ತಪ್ಪಲ್ಲ, ಆದರೆ ಅದು ಪ್ರೀತಿ ಅಂತ ಗೊತ್ತಿಟ್ಟುಕೊಂಡೇ ಮಾಡಬೇಕು.

ಅಳೆಯಲು ಸುಲಭವಾದದ್ದನ್ನು ಮಾತ್ರ ಅಳೆದರೆ ಏನಾಗುತ್ತದೆ ಅನ್ನುವುದಕ್ಕೆ ಕೋಕಾ ಕೋಲಾದ ಕಥೆ ಎಲ್ಲರೂ ಹೇಳುತ್ತಾರೆ, ನಾನೂ ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಸುಮಾರು ಎರಡು ಲಕ್ಷ ಜನರಿಗೆ ರುಚಿ ತೋರಿಸಿ, ಹೊಸ ರುಚಿಯೇ ಚೆನ್ನಾಗಿದೆ ಅನ್ನಿಸಿಕೊಂಡು, 1985ರ ಏಪ್ರಿಲ್ 23ಕ್ಕೆ ಹಳೆಯದನ್ನು ಬದಲಾಯಿಸಿದರು. ಜನ ಸಿಟ್ಟಾದರು. 79 ದಿನಕ್ಕೆ, ಜುಲೈ 11ಕ್ಕೆ, ಹಳೆಯದನ್ನು ವಾಪಸ್ ತಂದರು. ರುಚಿ ಅಳೆದಿದ್ದರು. ಹಳೆಯದು ಇನ್ನು ಸಿಗುವುದಿಲ್ಲ ಅಂದರೆ ಹೇಗನ್ನಿಸುತ್ತದೆ ಅನ್ನುವುದರ ತೂಕ ಆ ಅಳತೆಯಲ್ಲಿ ಸಿಕ್ಕಿರಲಿಲ್ಲ.

ಇಷ್ಟು ಹೇಳಿದ್ದಕ್ಕೆ ನಾನು ನಿಮ್ಮ ಪರ, ಮಗಳ ವಿರುದ್ಧ ಅಂದುಕೊಳ್ಳಬೇಡಿ. ಲೆಕ್ಕ ತೋರಿಸುವ ಎಷ್ಟೋ ಸಂಗತಿ ಯಾರ ಅನುಭವಕ್ಕೂ ಸಿಗುವುದಿಲ್ಲ. 2004ರಲ್ಲಿ ಅಮೆರಿಕದ ಫ್ಲೋರಿಡಾ ಕಡೆ ಚಂಡಮಾರುತ ಬರುವುದಿತ್ತು. ವಾಲ್‌ಮಾರ್ಟ್‌ನವರು ಹಿಂದಿನ ಚಂಡಮಾರುತದ ಹೊತ್ತಿನ ಬಿಲ್ಲುಗಳನ್ನು ತೆಗೆದು ನೋಡಿದರು. ಟಾರ್ಚ್, ನೀರು ಜಾಸ್ತಿ ಹೋಗುವುದು ಎಲ್ಲರಿಗೂ ಗೊತ್ತು. ಆದರೆ ಸ್ಟ್ರಾಬೆರಿ ಪಾಪ್‌ಟಾರ್ಟ್ ಅನ್ನುವ ತಿಂಡಿ ಮಾಮೂಲಿಗಿಂತ ಏಳು ಪಟ್ಟು ಹೋಗಿತ್ತು. ಕರೆಂಟ್ ಬೇಡ, ಒಲೆ ಬೇಡ, ಕೆಡುವುದಿಲ್ಲ, ಮಕ್ಕಳು ತಿನ್ನುತ್ತಾರೆ. ಗೊತ್ತಾದ ಮೇಲೆ ಹೌದಲ್ವಾ ಅನ್ನಿಸುತ್ತದೆ. ಅದಕ್ಕೆ ಮುಂಚೆ ಯಾರ ಮನಸ್ಸಿಗೂ ಹೊಳೆದಿರಲಿಲ್ಲ. ನಿಮ್ಮ ಅಂಗಡಿಯಲ್ಲೂ ಹೀಗೆ ಜೊತೆಜೊತೆಯಾಗಿ ಹೋಗುವ ಜೋಡಿಗಳು ಇದ್ದೇ ಇರುತ್ತವೆ. ಅದನ್ನು ಹುಡುಕುವುದು ಕಂಪ್ಯೂಟರ್ ಕೆಲಸ. ನಿಮ್ಮ ಕಣ್ಣಿಗೆ ಅದು ಬೀಳುವುದಿಲ್ಲ.

ಲೆಕ್ಕ ಮತ್ತು ಮನಸ್ಸು ಒಂದೇ ಸಾಲಿನಲ್ಲಿ ಸೇರುವುದು ಹೇಗೆ ಅಂತ ಬೇಳೆ ಹೋಳಿಗೆಯಲ್ಲಿ ತೋರಿಸುತ್ತೇನೆ. ಒಂದು ಹೋಳಿಗೆಗೆ ಖರ್ಚು 12 ರೂಪಾಯಿ, ಮಾರುವುದು 20ಕ್ಕೆ ಅಂತಿಟ್ಟುಕೊಳ್ಳಿ. ಮಾರನೇ ದಿನಕ್ಕೆ ಇಡುವ ಹಾಗಿಲ್ಲ. ಒಂದು ಉಳಿದರೆ 12 ಹೋಯಿತು. ಒಂದು ಕಡಿಮೆ ಬಿದ್ದರೆ 8 ರೂಪಾಯಿ ಲಾಭ ತಪ್ಪಿತು. ಈ ಎರಡನ್ನೂ ಕೂಡಿಸಿದರೆ 20. 8ನ್ನು 20ರಿಂದ ಭಾಗಿಸಿದರೆ 0.4. ಅಂದರೆ ಹತ್ತು ದಿನದಲ್ಲಿ ನಾಲ್ಕು ದಿನ ಎಲ್ಲರಿಗೂ ಸಾಲುವಷ್ಟು, ಆರು ದಿನ ಬೇಗ ಖಾಲಿಯಾಗುವಷ್ಟು ಮಾಡುವುದೇ ಲಾಭ. ಇದು ಶುದ್ಧ ಲೆಕ್ಕ. ಹೋಳಿಗೆ ಖಾಲಿ ಆಯಿತು ಅಂತ ದಿನಾ ಬೇಜಾರು ಮಾಡಿಕೊಳ್ಳುವ ಮಾಲೀಕರಿಗೆ ಇದನ್ನು ಹೇಳಿದರೆ ಆಶ್ಚರ್ಯ ಪಡುತ್ತಾರೆ.

ಆದರೆ ಹೋಳಿಗೆ ಸಿಗದೆ ಹೋದ ಗಿರಾಕಿ ಮುಂದಿನ ವಾರವೂ ಬರದಿದ್ದರೆ? ಆಗ ತಪ್ಪಿದ್ದು 8 ರೂಪಾಯಿ ಅಲ್ಲ. ಎಷ್ಟು ಅಂತ ಯಾವ ಸಾಫ್ಟ್‌ವೇರೂ ಹೇಳದು. ಅದನ್ನು ಹೇಳಬೇಕಾದವರು ನೀವು. ಬಸ್‌ಸ್ಟ್ಯಾಂಡಿನ ಹಾದಿಹೋಕ ಗಿರಾಕಿಯಾದರೆ 8 ಅನ್ನಿ. ಹದಿನೈದು ವರ್ಷದಿಂದ ಶುಕ್ರವಾರ ಶುಕ್ರವಾರ ಬರುವವರಾದರೆ 18 ಅನ್ನಬಹುದು. 18ಕ್ಕೆ 12 ಸೇರಿಸಿದರೆ 30, 18ನ್ನು 30ರಿಂದ ಭಾಗಿಸಿದರೆ 0.6. ಈಗ ಹತ್ತರಲ್ಲಿ ಆರು ದಿನ ಸಾಲುವಷ್ಟು ಮಾಡಬೇಕು. ಸೂತ್ರ ಮಗಳದ್ದು, ಅದರೊಳಗಿನ ಒಂದು ಅಂಕಿ ನಿಮ್ಮದು. ಚಕ್ಕುಲಿ, ಕೋಡುಬಳೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಉಳಿದರೆ ನಾಳೆ ಮಾರಬಹುದು, ಸ್ವಲ್ಪ ಜಾಸ್ತಿಯೇ ಇರಲಿ.

ಈಗ ಎರಡನೇ ಅಂಗಡಿ. ಇಲ್ಲಿ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ನೀವು ಕಜ್ಜಾಯ ಸಾವಿರಾರು ದಿನ ಮಾರಿದ್ದೀರಿ. ಅಂಗಡಿ ತೆರೆದದ್ದು ಒಂದೇ ಸಲ, ಅದೂ 31 ವರ್ಷದ ಹಿಂದೆ, ಬೇರೆಯದೇ ಕಾಲದಲ್ಲಿ. ತೆರೆದದ್ದು ಸರಿಯೋ ತಪ್ಪೋ ಅಂತ ತಿಳಿಯಲು ಎರಡು ವರ್ಷ ಬೇಕು. ಅಷ್ಟರಲ್ಲಿ ಅಡ್ವಾನ್ಸ್, ಫ್ರಿಜ್ಜು, ಶೋಕೇಸು ಎಲ್ಲಕ್ಕೂ ದುಡ್ಡು ಹಾಕಿ ಆಗಿರುತ್ತದೆ. ಇದು ಪಾಕ ಅಲ್ಲ, ಬೆಲ್ಲದ ರೇಟು.

ಹಾಗಂತ ಬೇಡ ಅನ್ನುತ್ತಿಲ್ಲ. ಅಳೆದು ನೋಡಿ ಅನ್ನುತ್ತಿದ್ದೇನೆ. ಬಾಡಿಗೆ 25,000, ಇಬ್ಬರು ಕೆಲಸದವರಿಗೆ 30,000, ಕರೆಂಟ್ ಮತ್ತಿತರ 5,000 ಅಂತ ಹಿಡಿದರೆ ತಿಂಗಳಿಗೆ 60,000. ನೂರು ರೂಪಾಯಿ ವ್ಯಾಪಾರಕ್ಕೆ 30 ಉಳಿಯುತ್ತದೆ ಅಂದರೆ ತಿಂಗಳಿಗೆ 2 ಲಕ್ಷ ವ್ಯಾಪಾರ ಆಗಬೇಕು, ಬರೀ ಅಸಲಿಗೆ. ದಿನಕ್ಕೆ ಸುಮಾರು 6,700. ಒಂದು ಬಿಲ್ 150 ರೂಪಾಯಿ ಆದರೆ ದಿನಾ 45 ಬಿಲ್. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದನ್ನೇ ಮಾಡಿ. ಈಗ ಪ್ರಶ್ನೆ ಚಿಕ್ಕದಾಯಿತು: ಆ ಬಡಾವಣೆಯಲ್ಲಿ ದಿನಾ 45 ಜನ ಬರುತ್ತಾರಾ?

ರಾತ್ರಿ ಎಂಟು ಗಂಟೆಗೆ ಅಲ್ಲಿಗೆ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ. ಬೀದಿ ಬೀದಿ ಸುತ್ತಿ, ದೀಪ ಉರಿಯುವ ಮನೆ ಎಷ್ಟು ಅಂತ ಎಣಿಸಿ. ಹಗಲು ನೋಡಿದರೆ ಹೊಸ ಬಡಾವಣೆ ತುಂಬಿದ ಹಾಗೆ ಕಾಣುತ್ತದೆ. ರಾತ್ರಿ ನೋಡಿದರೆ ಅರ್ಧ ಖಾಲಿ ಸೈಟು, ಕಾಲು ಭಾಗ ಬೀಗ ಹಾಕಿದ ಮನೆ ಅಂತ ಗೊತ್ತಾಗುವುದುಂಟು. ಬೆಳಿಗ್ಗೆ ನಂದಿನಿ ಬೂತಿಗೆ ಹೋಗಿ, ದಿನಕ್ಕೆ ಎಷ್ಟು ಲೀಟರ್ ಹಾಲು ಹೋಗುತ್ತದೆ, ಹೋದ ವರ್ಷ ಎಷ್ಟು ಹೋಗುತ್ತಿತ್ತು ಅಂತ ಕೇಳಿ. ಒಂದು ಬಡಾವಣೆಯಲ್ಲಿ ಎಷ್ಟು ಸಂಸಾರ ಇವೆ ಅಂತ ತಿಳಿಯಲು ಹಾಲಿಗಿಂತ ಒಳ್ಳೆಯ ಡೇಟಾ ನಾನು ಕಂಡಿಲ್ಲ. ಆಮೇಲೆ, ಅಂಥ ಬಡಾವಣೆಗಳಲ್ಲಿ ಐದು ವರ್ಷದಲ್ಲಿ ತೆರೆದ ತಿಂಡಿ ಅಂಗಡಿಗಳ ಪಟ್ಟಿ ಮಾಡಿ. ಮುಚ್ಚಿದವನ್ನು ಮರೆಯದೇ ಸೇರಿಸಿ. ನಮ್ಮ ಕಣ್ಣಿಗೆ ಬೀಳುವುದು ನಡೆಯುತ್ತಿರುವ ಅಂಗಡಿಗಳು ಮಾತ್ರ, ಮುಚ್ಚಿದ ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇರುತ್ತದೆ. ಕೊನೆಗೆ, ಯಾರದಾದರೂ ಮನೆ ಮುಂದೆ ಒಪ್ಪಿಗೆ ಕೇಳಿ, ನಾಲ್ಕು ವಾರ ಶನಿವಾರ ಭಾನುವಾರ ಒಂದು ಟೇಬಲ್ ಹಾಕಿ ಮಾರಿ ನೋಡಿ. ಎಂಟು ದಿನದ ಬಿಲ್ಲುಗಳು ನಿಮ್ಮಿಬ್ಬರ ಜಗಳವನ್ನು ಅರ್ಧ ಮುಗಿಸುತ್ತವೆ.

ಇಲ್ಲಿ ಮನಸ್ಸಿಗೆ ಜಾಗವೇ ಇಲ್ಲವಾ? ಇದೆ, ಕೊನೆಯಲ್ಲಿ. ಕಾನೆಮನ್ 1955ರಲ್ಲಿ, ಇನ್ನೂ 21 ವರ್ಷದ ಹುಡುಗ, ಇಸ್ರೇಲ್ ಸೇನೆಗೆ ಸೇರುವವರ ಸಂದರ್ಶನ ಹೇಗೆ ಮಾಡಬೇಕು ಅಂತ ಗೊತ್ತು ಮಾಡಿದರು. ಆರು ಗುಣಗಳು, ಒಂದೊಂದಕ್ಕೂ ಬೇರೆ ಬೇರೆ ಪ್ರಶ್ನೆ ಕೇಳಿ ಬೇರೆ ಬೇರೆ ಅಂಕ ಕೊಡಬೇಕು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಅಂತ ಸಂದರ್ಶಕರು ತಕರಾರು ತೆಗೆದರು. ಸರಿ, ಆರೂ ಅಂಕ ಬರೆದಾದ ಮೇಲೆ ಕಣ್ಣು ಮುಚ್ಚಿ, ಈ ಹುಡುಗ ಸೈನಿಕನಾದರೆ ಹೇಗಿರುತ್ತಾನೆ ಅಂತ ಕಲ್ಪಿಸಿಕೊಂಡು ಇನ್ನೊಂದು ಅಂಕ ಕೊಡಿ ಅಂದರು. ಕಣ್ಣು ಮುಚ್ಚಿ ಕೊಟ್ಟ ಆ ಅಂಕವೂ ಆರು ಗುಣಗಳ ಮೊತ್ತದಷ್ಟೇ ಸರಿಯಾಗಿ ಹೊಂದಿತು. ಮೊದಲೇ ಕೇಳುತ್ತಿದ್ದ ಒಟ್ಟಾರೆ ಅಭಿಪ್ರಾಯ ಮಾತ್ರ ಅಷ್ಟು ಪ್ರಯೋಜನಕ್ಕೆ ಬಂದಿರಲಿಲ್ಲ. ನೀವೂ ದೀಪ, ಹಾಲು, ಬಿಲ್ಲು ಎಲ್ಲ ಎಣಿಸಿ ಮುಗಿಸಿ. ಆಮೇಲೆ ಕಣ್ಣು ಮುಚ್ಚಿ. ಆಗ ಬರುವ ಮಾತು ಬೇರೆ ತೂಕದ್ದು.

ದಿನದ ವ್ಯಾಪಾರಕ್ಕೆ ಇದು ಉಲ್ಟಾ. ಅಲ್ಲಿ ಲೆಕ್ಕ ನೋಡುವ ಮುಂಚೆ ಅಂದಾಜು ಬರೆಯಿರಿ. ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೆಳಿಗ್ಗೆ ಐದು ಐಟಂ ಹೆಸರು ಬರೆದು, ಇವತ್ತು ಎಷ್ಟು ಹೋಗುತ್ತದೆ ಅಂತ ನೀವು ಒಂದು ಕಾಲಂ ತುಂಬಿ. ಸಾಫ್ಟ್‌ವೇರಿನ ಲೆಕ್ಕದ ಪ್ರಕಾರ ಮಗಳು ಇನ್ನೊಂದು ತುಂಬಲಿ. ರಾತ್ರಿ ನಿಜವಾದದ್ದನ್ನು ಮೂರನೆಯದರಲ್ಲಿ ಬರೆಯಿರಿ. ಬರೆಯದಿದ್ದರೆ ‘ನನಗೆ ಮೊದಲೇ ಗೊತ್ತಿತ್ತು’ ಅನ್ನುವ ಭ್ರಮೆ ಬರುತ್ತದೆ, ಎಲ್ಲರಿಗೂ ಬರುತ್ತದೆ. ಎರಡು ತಿಂಗಳಲ್ಲಿ ಯಾವ ಐಟಂಗೆ ಯಾರ ಮಾತು ಅಂತ ನಿಮಗೇ ಕಾಣುತ್ತದೆ. ನನ್ನ ಅನುಭವದಲ್ಲಿ ಮಾಮೂಲಿ ದಿನಗಳಲ್ಲಿ ಸಾಫ್ಟ್‌ವೇರ್ ಗೆಲ್ಲುತ್ತದೆ. ಮಳೆ, ಮದುವೆ, ಜಾತ್ರೆ, ಬಂದ್ ಇದ್ದ ದಿನ ಹಳಬರು ಗೆಲ್ಲುತ್ತಾರೆ.

ನಮ್ಮಲ್ಲಿ ಎಷ್ಟೋ ಅಂಗಡಿಗಳ ಲೆಕ್ಕ ಬರೆಯುವ ಟ್ಯಾಲಿ ಹುಟ್ಟಿದ್ದು ಇಂಥದ್ದೇ ಒಂದು ಜೋಡಿಯಿಂದ. ಬೆಂಗಳೂರಿನ ಶ್ಯಾಮ್ ಸುಂದರ್ ಗೋಯೆಂಕಾ ಮಿಲ್ಲುಗಳಿಗೆ ಸಾಮಾನು ಪೂರೈಸುವ ವ್ಯಾಪಾರ ಮಾಡುತ್ತಿದ್ದರು. ತಮ್ಮ ಲೆಕ್ಕಕ್ಕೆ ಹೊಂದುವ ಸಾಫ್ಟ್‌ವೇರ್ ಎಲ್ಲೂ ಸಿಗದೆ, ಗಣಿತ ಓದಿದ್ದ ಮಗ ಭರತ್ ಅವರಿಗೆ ನೀನೇ ಬರೆದುಕೊಡು ಅಂದರು. 1986ರಲ್ಲಿ ಕಂಪನಿ ಶುರುವಾಯಿತು. ವ್ಯಾಪಾರ ಗೊತ್ತಿದ್ದದ್ದು ಅಪ್ಪನಿಗೆ, ಕಂಪ್ಯೂಟರ್ ಗೊತ್ತಿದ್ದದ್ದು ಮಗನಿಗೆ. ನಿಮ್ಮ ಮನೆಯಲ್ಲೂ ಎರಡೂ ಇವೆ. ಮಗಳು ತಂದ ಪಟ್ಟಿಯನ್ನು ನಿಮ್ಮ ಅನುಭವಕ್ಕೆ ಮಾಡಿದ ಅವಮಾನ ಅಂತ ತಗೋಬೇಡಿ. ಓದಿದ ಹುಡುಗಿ ಅಪ್ಪನ ಅಂಗಡಿಗೆ ಬಂದು ಕೂತು 80 ಐಟಂನ ಲೆಕ್ಕ ಹಾಕಿದ್ದಾಳೆ.

ಆ 20ರಲ್ಲಿ ಉಳಿದ 19ರ ಬಗ್ಗೆ ನಿಮ್ಮ ಮನಸ್ಸು ಏನೂ ಹೇಳುತ್ತಿಲ್ಲ ಅಂತ ಪತ್ರದಿಂದ ತಿಳಿಯುತ್ತದೆ. ಕೌಂಟರಿನ ಹಿಂದೆ ಮೂರು ಸಂಜೆ ಕೂತು, ಬಟನ್ ಸರಿಯಿದೆ ಅಂತ ಖಾತ್ರಿ ಆದ ಮೇಲೆ ಅವುಗಳನ್ನು ನಿಲ್ಲಿಸಿ. ಯಾರಾದರೂ ಕೇಳಿದರೆ ರಟ್ಟಿನ ಮೇಲೆ ಗೀಟು ಬೀಳುತ್ತದೆ, ವಾಪಸ್ ತರಬಹುದು.

ಕಜ್ಜಾಯಕ್ಕೆ ಹೀಗೆ ಮಾಡಿ. ದಿನಾ ಮಾಡುವುದು ನಿಲ್ಲಿಸಿ, ಗುರುವಾರದಿಂದ ಶನಿವಾರದವರೆಗೆ ಮಾತ್ರ ಇಡಿ. ಏಪ್ರಿಲ್ ಕೊನೆಗೆ ‘ಅಧಿಕ ಮಾಸಕ್ಕೆ 33 ಕಜ್ಜಾಯದ ಆರ್ಡರ್ ತೆಗೆದುಕೊಳ್ಳುತ್ತೇವೆ’ ಅಂತ ಬೋರ್ಡ್ ಹಾಕಿ, ಅಡ್ವಾನ್ಸ್ ತಗೊಂಡು ಬರೆದುಕೊಳ್ಳಿ. ಎಷ್ಟು ಆರ್ಡರ್ ಬರುತ್ತದೆ ಅಂತ ನೀವಿಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಹಾಕಿಡಿ. ಜೂನ್ 16ಕ್ಕೆ ಎರಡನ್ನೂ ತೆಗೆದು ಆರ್ಡರ್ ಪುಸ್ತಕದ ಪಕ್ಕ ಇಟ್ಟು ನೋಡಿ. ಆರ್ಡರ್ ಬಂದಿದ್ದರೆ ಕಜ್ಜಾಯ ಇರಲಿ, ಮುಂದಿನ ಅಧಿಕ ಮಾಸ 2029ರಲ್ಲಿ ಬರುತ್ತದೆ ಅಂತ ಮಗಳು ಸಾಫ್ಟ್‌ವೇರಿನಲ್ಲಿ ಈಗಲೇ ಗುರುತು ಹಾಕಿಡಲಿ. ಬರದಿದ್ದರೆ ದೀಪಾವಳಿಗೆ ಮಾತ್ರ ಮಾಡಿ.